ಒಳಬಾಡಿಗೆದಾರ ಅಂತ ಸಹಿ ಹಾಕುವ ಮೊದಲು

ಮಳಿಗೆಯ ಅರ್ಧ ಭಾಗ ಕೊಡುವವರು ಕರಾರಿನಲ್ಲಿ ನಿಮ್ಮನ್ನು 'ಒಳಬಾಡಿಗೆದಾರ' ಎಂದು ಬರೆದಿದ್ದಾರೆ, ಹಾಗೆಂದರೇನು, ಅದರ ಬದಲು 'ಗುತ್ತಿಗೆದಾರ' ಅಥವಾ 'ಭೋಗ್ಯದಾರ' ಅಂತ ಬರೆಸಿದರೆ ಗಟ್ಟಿಯಾಗುತ್ತದಾ ಎಂದು ಕೇಳಿದ್ದೀರಿ. ಓದಿ ಎದೆ ಧಸಕ್ಕೆಂದಿತು. ಎಂಟು ವರ್ಷದ ಹಿಂದೆ ನಾನೂ ಇದೇ ಪದದ ಕೆಳಗೆ ಸಹಿ ಹಾಕಿದವನು.

ಸಾಲ ಮಾಡಿ ಝೆರಾಕ್ಸ್ ಮೆಷಿನ್ ತಂದಿದ್ದೆ. ಪರಿಚಯದವರೊಬ್ಬರು ತಮ್ಮ ಮಳಿಗೆಗೆ ನಡುವೆ ಪ್ಲೈವುಡ್ ಹೊಡೆಸಿ ಮುಂಭಾಗ ಕೊಟ್ಟರು. ಅಡ್ವಾನ್ಸ್ ಅವರ ಕೈಗಿಟ್ಟೆ. ಏಳನೇ ತಿಂಗಳು, ಒಬ್ಬ ವಯಸ್ಸಾದವರು ಬಂದು ಕೌಂಟರ್ ಮುಂದೆ ನಿಂತು, "ನೀವು ಯಾರು?" ಎಂದರು. ಕಟ್ಟಡದ ಮಾಲೀಕರು. ನನ್ನ ಪರಿಚಯದವರು ಅವರ ಬಾಡಿಗೆದಾರರಷ್ಟೇ; ಅವರಿಬ್ಬರ ನಡುವಿನ ಮೂಲ ಕರಾರನ್ನು ಕೈಚೀಲದಿಂದ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು: ಮಳಿಗೆಯನ್ನಾಗಲಿ ಅದರ ಯಾವುದೇ ಭಾಗವನ್ನಾಗಲಿ ಒಳಬಾಡಿಗೆಗೆ ಕೊಡತಕ್ಕದ್ದಲ್ಲ, ಕೊಟ್ಟರೆ ಬಾಡಿಗೆ ರದ್ದು. ಬಾಡಿಗೆದಾರರ ಮೇಲೆ ದಾವೆ ಬಿತ್ತು, ಅವರ ಜೊತೆ ನಾನೂ ಹೊರಗೆ. ಅಡ್ವಾನ್ಸ್ ಇವತ್ತಿಗೂ ಪೂರ್ತಿ ವಾಪಸ್ ಬಂದಿಲ್ಲ.

ನನ್ನ ತಪ್ಪು ಒಂದೇ, ಆ ಮೂಲ ಕರಾರನ್ನು ಕೇಳಿ ನೋಡಲಿಲ್ಲ. ನನ್ನ ಕರಾರನ್ನು ನಾಲ್ಕು ಸಲ ಓದಿದ್ದೆ. ಛಾಪಾಕಾಗದವಿತ್ತು, ನೋಟರಿ ಮೊಹರಿತ್ತು, ಇಬ್ಬರು ಸಾಕ್ಷಿಗಳಿದ್ದರು. ಅದೆಲ್ಲ ಹೇಳುತ್ತಿದ್ದದ್ದು ನಾವಿಬ್ಬರು ಒಪ್ಪಿಕೊಂಡಿದ್ದೇವೆ ಎಂದಷ್ಟೇ. ಕೊಡುವ ಹಕ್ಕು ಅವರಿಗಿದೆ ಎಂದು ಅದು ಎಲ್ಲೂ ಹೇಳಿರಲಿಲ್ಲ, ಹೇಳಲು ಸಾಧ್ಯವೂ ಇರಲಿಲ್ಲ. ಆ ಉತ್ತರ ಇದ್ದದ್ದು ಅವರ ಬೀರುವಿನಲ್ಲಿದ್ದ ಇನ್ನೊಂದು ಕಾಗದದಲ್ಲಿ. "ಸ್ವಲ್ಪ ತೋರಿಸಿ" ಎನ್ನಲು ಸಂಕೋಚವಾಯಿತು. ಕೇಳಿದರೆ ನಂಬಿಕೆಯಿಲ್ಲ ಅಂದುಕೊಳ್ಳುತ್ತಾರೇನೋ ಎಂದು ಸುಮ್ಮನಾದೆ. ಆ ಸಂಕೋಚಕ್ಕೆ ಸಾಲದ ಮೇಲೆ ಎರಡು ವರ್ಷ ಬಡ್ಡಿ ಕಟ್ಟಿದ್ದೇನೆ.

ಒಳಬಾಡಿಗೆದಾರ ಎಂದರೆ ಮಾಲೀಕರಿಂದಲ್ಲ, ಬಾಡಿಗೆದಾರರಿಂದ ಜಾಗ ಪಡೆದವನು. ಹೊಲದ ಮಾತಾದರೆ ಒಳಗೇಣಿ ಅನ್ನುತ್ತೇವಲ್ಲ, ಅದೇ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇಡ ಎಂದಿಲ್ಲದಿದ್ದರೆ ಬಾಡಿಗೆದಾರ ಒಳಬಾಡಿಗೆಗೆ ಕೊಡಬಹುದು, ಆದರೂ ಮಾಲೀಕರ ಕಡೆಗಿನ ಅವನ ಹೊಣೆ ತಪ್ಪುವುದಿಲ್ಲ. ಹೆಚ್ಚಿನ ರಾಜ್ಯಗಳ ಬಾಡಿಗೆ ಕಾಯ್ದೆಗಳು ಇನ್ನೂ ಬಿಗಿ, ಮಾಲೀಕರ ಲಿಖಿತ ಒಪ್ಪಿಗೆಯನ್ನೇ ಕೇಳುತ್ತವೆ. ಇನ್ನು 115ನೇ ಕಲಮನ್ನು ನಾನು ಓದಿದ್ದು ಎಲ್ಲ ಮುಗಿದ ಮೇಲೆ. ಬಾಡಿಗೆದಾರ ತಾನಾಗಿಯೇ ಜಾಗ ಬಿಟ್ಟುಕೊಟ್ಟರೆ, ಮೊದಲೇ ಕೊಟ್ಟಿದ್ದ ಒಳಬಾಡಿಗೆಗೆ ಧಕ್ಕೆಯಿಲ್ಲ. ಕರಾರು ಮುರಿದು ಹಕ್ಕು ಕಳೆದುಕೊಂಡರೆ ಒಳಬಾಡಿಗೆಯೂ ಸಾಮಾನ್ಯವಾಗಿ ಅದರ ಜೊತೆಗೇ ಬೀಳುತ್ತದೆ. ನನಗಾದದ್ದು ಈ ಎರಡನೆಯದು.

ಪದ ಬದಲಿಸಿದರೆ ಗಟ್ಟಿಯಾಗುತ್ತದೆ ಎಂಬ ನಿಮ್ಮ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಭೋಗ್ಯವೆಂದರೆ ಅಡಮಾನ. ದುಡ್ಡು ಕೊಟ್ಟವನು ಸ್ವತ್ತನ್ನು ವಶದಲ್ಲಿಟ್ಟುಕೊಂಡು ಅದರ ಫಲ ಅನುಭವಿಸುವುದು. ಬರೀ ಬಾಡಿಗೆದಾರನಾದವನಿಗೆ ಕಟ್ಟಡವನ್ನೇ ನಿಮಗೆ ಅಡವಿಡಲು ಹೇಗೆ ಬರುತ್ತದೆ? ಗುತ್ತಿಗೆ, ಅಂದರೆ ಲೀಸ್, ಎಂದು ಬರೆಸಿದರೂ ಅಷ್ಟೇ, ತನಗಿಲ್ಲದ ಹಕ್ಕನ್ನು ಅವರು ಕೊಡಲಾರರು. ಒಂದು ವರ್ಷ ಮೀರಿದ ಗುತ್ತಿಗೆಯಾದರೆ ಅದೇ ಕಾಯ್ದೆಯ 107ನೇ ಕಲಮಿನಂತೆ ನೋಂದಣಿಯೂ ಆಗಬೇಕು. 11 ತಿಂಗಳ ಕರಾರುಗಳು ಇಷ್ಟೊಂದು ಕಾಣುವುದು ಅದಕ್ಕೇ.

ನಾಳೆಯೇ ಮೂಲ ಕರಾರಿನ ಪ್ರತಿ ಕೇಳಿ. ಅದರಲ್ಲಿ ಒಳಬಾಡಿಗೆಯ ಸಾಲು ಎಲ್ಲಿದೆ, ಅವಧಿ ಯಾವಾಗ ಮುಗಿಯುತ್ತದೆ, ಎರಡನ್ನೂ ನೋಡಿ. ಆಮೇಲೆ ಮಾಲೀಕರನ್ನು ನೀವೇ ಹೋಗಿ ಕಂಡು, ಇಂಥವರಿಗೆ ಇಷ್ಟು ಜಾಗ ಒಳಬಾಡಿಗೆಗೆ ಕೊಡಲು ನನ್ನ ಒಪ್ಪಿಗೆಯಿದೆ ಎಂದು ಬರೆಸಿ ಸಹಿ ತೆಗೆದುಕೊಳ್ಳಿ. ಅಲ್ಲಿಯವರೆಗೆ ಅಡ್ವಾನ್ಸ್ ಒಂದು ರೂಪಾಯಿಯೂ ಕೊಡಬೇಡಿ.