ಪವರ್ ಬಿಐ: ಆರ್‌ಎಲ್‌ಎಸ್ (ರೋ ಲೆವೆಲ್ ಸೆಕ್ಯುರಿಟಿ, ಯಾರಿಗೆ ಯಾವ ಸಾಲು ಕಾಣಬೇಕೆಂದು ಹಾಕುವ ನಿರ್ಬಂಧ) ಹಾಕಿದರೂ ಎಲ್ಲರಿಗೂ ಎಲ್ಲಾ ಡೇಟಾ ಕಾಣುತ್ತಿದೆ, ಯಾಕೆ?

ನಿಮ್ಮ ತೊಂದರೆ ನನಗೆ ಅರ್ಥವಾದದ್ದು ಹೀಗೆ: ಪವರ್ ಬಿಐನಲ್ಲಿ (ಮೈಕ್ರೋಸಾಫ್ಟ್‌ನ ರಿಪೋರ್ಟ್ ಮಾಡುವ ಸಾಫ್ಟ್‌ವೇರ್) ಸೇಲ್ಸ್ ರಿಪೋರ್ಟ್ ಒಂದೇ, ಪ್ರತಿ ಮ್ಯಾನೇಜರ್‌ಗೂ ತನ್ನ ಏರಿಯಾ ಮಾತ್ರ ಕಾಣಬೇಕು, ಅದಕ್ಕೆ ಏರಿಯಾಗೊಂದು ರೋಲ್ (ಯಾವ ಸಾಲು ಕಾಣಬೇಕೆಂಬ ಫಾರ್ಮುಲಾ ಇರುವ ಗುಂಪು) ಮಾಡಿದ್ದೀರಿ, ಡೆಸ್ಕ್‌ಟಾಪ್‌ನಲ್ಲಿ ‘ವ್ಯೂ ಆಸ್’ (ಆ ರೋಲ್‌ನವರ ಕಣ್ಣಿಂದ ನೋಡುವ ಆಯ್ಕೆ) ಕೊಟ್ಟರೆ ಸರಿಯಾಗಿಯೇ ಬರುತ್ತದೆ, ಪಬ್ಲಿಷ್ ಮಾಡಿದ ಮೇಲೆ ಮಾತ್ರ ಎಲ್ಲರಿಗೂ ಎಲ್ಲವೂ ಕಾಣುತ್ತಿದೆ.

ಫಾರ್ಮುಲಾ ಮುಟ್ಟಬೇಡಿ. ಮೊದಲು ವರ್ಕ್‌ಸ್ಪೇಸ್ (ರಿಪೋರ್ಟ್ ಪಬ್ಲಿಷ್ ಮಾಡಿದ ಆನ್‌ಲೈನ್ ಜಾಗ) ಆಕ್ಸೆಸ್ ಪಟ್ಟಿ ತೆರೆದು ನೋಡಿ. ಮ್ಯಾನೇಜರ್‌ಗಳನ್ನು ಮೆಂಬರ್ ಅಂತಲೋ ಕಾಂಟ್ರಿಬ್ಯೂಟರ್ ಅಂತಲೋ ಸೇರಿಸಿರಬೇಕು, ಅಲ್ವಾ? ಅಡ್ಮಿನ್, ಮೆಂಬರ್, ಕಾಂಟ್ರಿಬ್ಯೂಟರ್ ಈ ಮೂವರಿಗೂ ಆರ್‌ಎಲ್‌ಎಸ್ ತಾಗುವುದೇ ಇಲ್ಲ. ಅವರನ್ನು ವ್ಯೂವರ್ ಮಾಡಿ, ಇಲ್ಲವೇ ವರ್ಕ್‌ಸ್ಪೇಸ್‌ನಿಂದ ತೆಗೆದು ಆ್ಯಪ್ ಮೂಲಕ ರಿಪೋರ್ಟ್ ಕೊಡಿ. ಆಮೇಲೆ ಸರ್ವಿಸ್‌ನಲ್ಲಿ (ಪವರ್ ಬಿಐನ ವೆಬ್‌ಸೈಟ್) ಸೆಮ್ಯಾಂಟಿಕ್ ಮಾಡೆಲ್‌ನ (ರಿಪೋರ್ಟ್‌ನ ಹಿಂದಿರುವ ಡೇಟಾ, ಹಳಬರ ಬಾಯಲ್ಲಿ ಇನ್ನೂ ಡೇಟಾಸೆಟ್) ‘ಸೆಕ್ಯುರಿಟಿ’ಗೆ ಹೋಗಿ ಅವರನ್ನು ರೋಲ್‌ಗೆ ಸೇರಿಸಬೇಕು. ಒಬ್ಬೊಬ್ಬರ ಹೆಸರು ಹಾಕುತ್ತಾ ಕೂರುವ ಬದಲು ಒಂದು ಸೆಕ್ಯುರಿಟಿ ಗ್ರೂಪ್ ಹಾಕಿದರೆ ಮುಂದೆ ತಲೆನೋವಿಲ್ಲ.

ಏರಿಯಾಗೊಂದು ರೋಲ್ ಮಾಡಿದ್ದೀರಿ ಅಂದಿರಲ್ಲ, ಅದು ಬೇಡ. ಯಾರಾದರೂ ವರ್ಗವಾದರೆ ಮತ್ತೆ ರೋಲ್ ತಿದ್ದಬೇಕು, ಮರೆತು ಎರಡು ರೋಲ್‌ನಲ್ಲೂ ಉಳಿಸಿದರೆ ಅವರಿಗೆ ಎರಡೂ ಏರಿಯಾ ಸೇರಿಸಿ ಕಾಣುತ್ತದೆ. ಇಮೇಲ್, ಏರಿಯಾ ಎರಡೇ ಕಾಲಂ ಇರುವ ಒಂದು ಟೇಬಲ್ ಇಟ್ಟುಕೊಂಡು ಏರಿಯಾ ಟೇಬಲ್‌ಗೆ (ಪ್ರತಿ ಏರಿಯಾಗೆ ಒಂದೇ ಸಾಲು ಇರುವುದು) ಜೋಡಿಸಿ. ರೋಲ್ ಒಂದೇ ಸಾಕು: ಆ ಇಮೇಲ್ ಕಾಲಂ ಯೂಸರ್‌ಪ್ರಿನ್ಸಿಪಲ್‌ನೇಮ್ ಫಂಕ್ಷನ್‌ಗೆ (ಈಗ ಲಾಗಿನ್ ಆಗಿರುವವರ ಲಾಗಿನ್ ಹೆಸರು ಕೊಡುವುದು) ಸಮ ಇರಬೇಕು, ಅಷ್ಟೇ.

ಇಲ್ಲೇ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು. ಒಬ್ಬರಿಗೆ ಎರಡು ಏರಿಯಾ, ಒಂದು ಏರಿಯಾಗೆ ಇಬ್ಬರು ಇದ್ದಾಗ ಏರಿಯಾ ಟೇಬಲ್ ‘ಒನ್’ ಕಡೆ, ಈ ಇಮೇಲ್ ಟೇಬಲ್ ‘ಮೆನಿ’ ಕಡೆ ಬರುತ್ತದೆ. ಫಿಲ್ಟರ್ ತಾನಾಗಿ ಒನ್‌ನಿಂದ ಮೆನಿಗೆ ಹೋಗುತ್ತದೆಯೇ ಹೊರತು ತಿರುಗಿ ಬರುವುದಿಲ್ಲ. ಹಾಗಾಗಿ ಈ ಎರಡು ಟೇಬಲ್ ನಡುವಿನ ಆ ಒಂದು ರಿಲೇಶನ್‌ಶಿಪ್‌ನಲ್ಲಿ (ಕೊಂಡಿ) ಕ್ರಾಸ್ ಫಿಲ್ಟರ್ ‘ಬೋತ್’ ಮಾಡಿ, ಕೆಳಗಿರುವ ‘ಅಪ್ಲೈ ಸೆಕ್ಯುರಿಟಿ ಫಿಲ್ಟರ್ ಇನ್ ಬೋತ್ ಡೈರೆಕ್ಷನ್ಸ್’ ಎನ್ನುವುದಕ್ಕೂ ಟಿಕ್ ಹಾಕಿ. ಮೊದಲನೆಯದು ಮಾಡಿ ಎರಡನೆಯದು ಬಿಟ್ಟರೆ ಸೆಕ್ಯುರಿಟಿ ಫಿಲ್ಟರ್ ದಾಟುವುದಿಲ್ಲ. ಇದರ ಬದಲು ಲುಕ್‌ಅಪ್‌ವ್ಯಾಲ್ಯೂ (ಟೇಬಲ್‌ನಿಂದ ಒಂದೇ ಉತ್ತರ ಹುಡುಕಿ ಕೊಡುವ ಫಂಕ್ಷನ್) ಬಳಸುವ ಉಪಾಯ ನೆಟ್‌ನಲ್ಲಿ ತುಂಬಾ ಕಡೆ ಸಿಗುತ್ತದೆ, ಆದರೆ ಒಬ್ಬರಿಗೆ ಎರಡು ಏರಿಯಾ ಇದ್ದರೆ ಅದು ಎರರ್ ಕೊಡುತ್ತದೆ.

ಮುಂದೆ ಯಾರೋ ಒಬ್ಬ ಮ್ಯಾನೇಜರ್ ‘ಒಟ್ಟು ಮಾರಾಟದಲ್ಲಿ ನನ್ನ ಪಾಲು 100% ತೋರಿಸುತ್ತಿದೆಯಲ್ಲ’ ಅಂತ ಫೋನ್ ಮಾಡೇ ಮಾಡುತ್ತಾರೆ. ಅವರಿಗೆ ಕಾಣುವ ಒಟ್ಟು ಅಂದರೆ ಅವರ ಏರಿಯಾದ್ದೇ ಒಟ್ಟು. ಮೆಜರ್‌ನಲ್ಲಿ (ಲೆಕ್ಕದ ಫಾರ್ಮುಲಾ) ಫಿಲ್ಟರ್ ತೆಗೆಯುವ ‘ಆಲ್’ ಹಾಕಿದರೂ ಆರ್‌ಎಲ್‌ಎಸ್ ತೆಗೆದ ಸಾಲುಗಳು ವಾಪಸ್ ಬರುವುದಿಲ್ಲ. ಕಂಪನಿಯ ಒಟ್ಟು ಮೊತ್ತ ತೋರಿಸಲೇಬೇಕು ಅಂದರೆ ಏರಿಯಾ ವಿವರವಿಲ್ಲದ, ತಿಂಗಳ ಮೊತ್ತ ಮಾತ್ರ ಇರುವ ಬೇರೆ ಟೇಬಲ್ ಮಾಡಿ, ಅದನ್ನು ಏರಿಯಾ ಟೇಬಲ್‌ಗೆ ಜೋಡಿಸದೆ ಇಡಿ.