ಶೇ 95 ಎಂದರೆ ಯಾವುದರಲ್ಲಿ ಶೇ 95?

ಪ್ರಶ್ನೆ: ಕೋಬಾಲ್ಟ್ ಥಾಲೋಸಯನೀನ್ ಎಂಬ ಅಣುವನ್ನು ವೇಗವರ್ಧಕವಾಗಿ ಬಳಸಿ, ಶೇ 95ರ ದಕ್ಷತೆಯಲ್ಲಿ ಕಾರ್ಬನ್ ಡೈಆಕ್ಸೈಡನ್ನು ಕಾರ್ಬನ್ ಮೊನಾಕ್ಸೈಡಾಗಿ ಪರಿವರ್ತಿಸಬಹುದೆಂದು ಓದಿದೆ. ಹಾಗಾದರೆ ವಿದ್ಯುತ್ತಿನಲ್ಲಿ ನಷ್ಟವಾಗುವುದು ಶೇ 5 ಮಾತ್ರವಲ್ಲವೇ? ಕಲ್ಲಿದ್ದಲು ಸ್ಥಾವರದ ಹೊಗೆಯನ್ನು ಅಲ್ಲಿಯದೇ ವಿದ್ಯುತ್ತಿನಿಂದ ಏಕೆ ಪರಿವರ್ತಿಸಬಾರದು?

ಉತ್ತರ: ಈ ಪ್ರಶ್ನೆ ನನಗೆ ಎಷ್ಟನೆಯ ಸಲ ಬರುತ್ತಿದೆಯೋ ಲೆಕ್ಕವಿಟ್ಟಿಲ್ಲ. ತಪ್ಪು ನಿಮ್ಮದಲ್ಲ, ‘ಫ್ಯಾರಡೆ ದಕ್ಷತೆ’ಯಲ್ಲಿ ಫ್ಯಾರಡೆಯನ್ನು ನುಂಗಿ ದಕ್ಷತೆಯನ್ನಷ್ಟೇ ಅಚ್ಚು ಹಾಕುವವರದು. ಅದು ಎಲೆಕ್ಟ್ರಾನುಗಳ ತಲೆಯೆಣಿಕೆ. ನೂರರಲ್ಲಿ 95 ಎಲೆಕ್ಟ್ರಾನುಗಳು ಕಾರ್ಬನ್ ಮೊನಾಕ್ಸೈಡಿಗೆ ಸಂದವು, ಉಳಿದವು ಬಹುಮಟ್ಟಿಗೆ ಹೈಡ್ರೋಜನ್ ಬಿಡಿಸುವುದರಲ್ಲಿ ಕಳೆದವು ಎಂದಷ್ಟೇ ಅದರ ಅರ್ಥ. ಅವುಗಳನ್ನು ಎಷ್ಟು ವೋಲ್ಟಿನಲ್ಲಿ ನೂಕಬೇಕಾಯಿತೆಂಬುದನ್ನು ಅದು ಹೇಳುವುದೇ ಇಲ್ಲ.

ಕಾರ್ಬನ್ ಡೈಆಕ್ಸೈಡನ್ನು ಮೊನಾಕ್ಸೈಡ್ ಮತ್ತು ಆಮ್ಲಜನಕವಾಗಿ ಒಡೆಯಲು ಕನಿಷ್ಠ 1.33 ವೋಲ್ಟ್ ಬೇಕು. ಕಿಲೋ ಮೊನಾಕ್ಸೈಡಿಗೆ ಸುಮಾರು 2.55 ಯೂನಿಟ್. ಈ ಒಡೆತ ನಡೆಯುವ ವಿದ್ಯುತ್ ಕೋಶವು 3 ವೋಲ್ಟಿನಲ್ಲಿ ನಡೆದರೆ, ನಿಮ್ಮ ಶೇ 95 ಹಾಗೆಯೇ ಇದ್ದರೂ ಸುಮಾರು 6 ಯೂನಿಟ್ ಖರ್ಚಾಗಿ, ಉತ್ಪನ್ನದಲ್ಲಿ ಉಳಿಯುವ ಶಕ್ತಿ ಶೇ 42 ಮಾತ್ರ. ಇನ್ನು ಕಲ್ಲಿದ್ದಲಿನ ಮಾತು: ಒಂದು ಯೂನಿಟ್ಟಿಗೆ ಹತ್ತಿರ ಹತ್ತಿರ ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬೀಳುವುದರಿಂದ, ಕಿಲೋ ಮೊನಾಕ್ಸೈಡಿಗೆ ಬೇಕಾದ 1.57 ಕಿಲೋ ಅನಿಲವನ್ನು ಬಳಸಿಕೊಳ್ಳಲು ನೀವು ಐದು ಕಿಲೋಗೂ ಹೆಚ್ಚನ್ನು ಗಾಳಿಗೆ ಬಿಟ್ಟಿರುತ್ತೀರಿ.

ಹಾಗಾದರೆ ಆ ಅಣುವಿನ ಕೆಲಸವೇನು? ನೇರವಾದ ಕಾರ್ಬನ್ ಡೈಆಕ್ಸೈಡ್ ಅಣುವಿಗೆ ಒಂಟಿ ಎಲೆಕ್ಟ್ರಾನ್ ತುರುಕಿದರೆ ಅದು ಬಾಗಬೇಕಾಗುತ್ತದೆ. ಅದಕ್ಕೆ, ಹೋಲಿಕೆಗೆ ಸೊನ್ನೆಯೆಂದು ಹಿಡಿಯುವ ಹೈಡ್ರೋಜನ್ ವಿದ್ಯುದಾಗ್ರದ ಮಾನಕ್ಕೆ, ಮೈನಸ್ 1.9 ವೋಲ್ಟ್ ಬೇಕು. ಲೋಹದ ಪರಮಾಣುವೊಂದು ಅದನ್ನು ಹಿಡಿದು, ಎರಡು ಎಲೆಕ್ಟ್ರಾನುಗಳನ್ನು ಪ್ರೋಟಾನುಗಳ ಜೊತೆಗೆ ದಾಟಿಸಿದರೆ, ತಟಸ್ಥ ನೀರಿನಲ್ಲಿ ಸೈದ್ಧಾಂತಿಕವಾಗಿ ಮೈನಸ್ 0.53 ಸಾಕು. 1984ರಲ್ಲಿ ರಸಾಯನವಿಜ್ಞಾನಿ ಲೆನ್ ಮತ್ತು ಸಂಗಡಿಗರು ರೀನಿಯಮ್ ಲೋಹದ ಸಂಕೀರ್ಣದಿಂದ (ಲೋಹದ ಪರಮಾಣುವಿನ ಸುತ್ತ ಇತರ ಅಣುಗಳು ಅಂಟಿದ ಕೂಟ) ಕಾರ್ಬನ್ ಡೈಆಕ್ಸೈಡನ್ನು ಹೀಗೆ ಪರಿವರ್ತಿಸಿ ತೋರಿಸಿದರು. 2012ರಲ್ಲಿ ಸಾವೆಯಾ ಮತ್ತು ರೊಬೆರ್ ಅವರ ತಂಡವು ಕಬ್ಬಿಣದ ಪೋರ್ಫಿರಿನ್ ಎಂಬ ಉಂಗುರದಾಕಾರದ ಅಣುವಿನ ಸುತ್ತ ಫೀನಾಲ್ ಗುಂಪುಗಳನ್ನಿಟ್ಟು, ಪ್ರೋಟಾನ್ ಪೂರೈಕೆಯನ್ನು ಅಣುವಿನ ಮನೆಬಾಗಿಲಿಗೇ ತಂದಿತು. ಇಂಥ ಜಾಣ್ಮೆಯಿಂದ ತಗ್ಗುವುದು ಅನಗತ್ಯವಾಗಿ ತೆರುವ ವೋಲ್ಟೇಜ್ ಮಾತ್ರ, 1.33 ಅನ್ನು ಯಾವ ಅಣುವೂ ತಗ್ಗಿಸಲಾರದು. ಮೇಲಾಗಿ, ಎದುರು ವಿದ್ಯುದಾಗ್ರದಲ್ಲಿ ಆಮ್ಲಜನಕ ಬಿಡಿಸಲು ಆಗುವ ನಷ್ಟ ಮತ್ತು ಎರಡು ವಿದ್ಯುದಾಗ್ರಗಳ ನಡುವಿನ ಪೊರೆಯ ರೋಧ ಕೋಬಾಲ್ಟಿಗೆ ಸಂಬಂಧಪಟ್ಟವಲ್ಲ.

ಬಾಳಿಕೆಯನ್ನೂ ಕೇಳಿ. 2019ರಲ್ಲಿ ಇದೇ ಥಾಲೋಸಯನೀನನ್ನು ಕಾರ್ಬನ್ ನ್ಯಾನೊ ಕೊಳವೆಗಳ ಮೇಲೆ ಬಿಡಿಬಿಡಿ ಅಣುಗಳಾಗಿ ಹರಡಿ ಮೆಥನಾಲ್ ಪಡೆದ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕೆಲಸ ನನಗೆ ಬಹಳ ಮೆಚ್ಚುಗೆಯದು. ಆದರೆ ಅಣುವಿನ ಉಂಗುರವೇ ಎಲೆಕ್ಟ್ರಾನುಗಳನ್ನು ಪಡೆದು (ಅಪಕರ್ಷಣಗೊಂಡು) ಹಾಳಾಗುತ್ತಿತ್ತು. ಅಮೈನೊ ಗುಂಪುಗಳನ್ನು ಸೇರಿಸಿದ ಮೇಲೆ ಅವರು ತೋರಿಸಿದ್ದು ಕನಿಷ್ಠ 12 ಗಂಟೆಯ ಬಾಳಿಕೆ. ಕಾರ್ಖಾನೆ ಕೇಳುವುದು ವರ್ಷಗಳನ್ನು.

ಪ್ರಶ್ನೆ: ಕಾರಿನ ಹೊಗೆಯನ್ನು ಅದೇ ಕಾರಿಗೆ ಇಂಧನವಾಗಿಸುವ ಉಪಕರಣದಲ್ಲಿ ಹಣ ಹೂಡಬಹುದೇ?

ಉತ್ತರ: ಬೇಡ. ಬೂದಿಯಿಂದ ಸೌದೆ ಮಾಡಿ ಅದೇ ಒಲೆ ಉರಿಸುತ್ತೇನೆನ್ನುವವನು ವಂಚಕ. ಹೊಗೆಗೂ ಅದೇ ಮಾತು.

ಪ್ರಶ್ನೆ: ತಾಮ್ರದ ತಂತಿ, ಅಡುಗೆ ಸೋಡಾ ಮತ್ತು 9 ವೋಲ್ಟಿನ ಬ್ಯಾಟರಿಯಿಂದ ಮನೆಯಲ್ಲೇ ಮೆಥನಾಲ್ ಮಾಡಬಹುದೇ?

ಉತ್ತರ: ತಂತಿಯಲ್ಲಿ ಏಳುವ ಗುಳ್ಳೆಗಳು ಹೆಚ್ಚುಕಡಿಮೆ ಹೈಡ್ರೋಜನ್. ಕಾರ್ಬನ್ ಮೊನಾಕ್ಸೈಡ್ ಬಂದರೂ ವಾಸನೆಯಿಲ್ಲದ ಆ ವಿಷ ನಿಮಗೆ ತಿಳಿಯುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಇಂಥದ್ದನ್ನು ಖಂಡಿತ ಮಾಡಬೇಡಿ.

ಪ್ರಶ್ನೆ: ಡೈಮೀಥೈಲ್ ಫಾರ್ಮಮೈಡ್ ದ್ರಾವಕದಲ್ಲಿ ನನ್ನ ಹೊಸ ನಿಕ್ಕಲ್ ಸಂಕೀರ್ಣವು ಫಾರ್ಮಿಕ್ ಆಮ್ಲ ಕೊಟ್ಟಿದೆ. ಪ್ರಕಟಿಸಬಹುದೇ?

ಉತ್ತರ: ಆ ದ್ರಾವಕವೇ ನೀರಿನಿಂದ ವಿಘಟಿಸಿ ಫಾರ್ಮಿಕ್ ಆಮ್ಲ ಕೊಡುತ್ತದೆ. ಕಾರ್ಬನ್-13 (ಗುರುತು ಹಿಡಿಯಬಹುದಾದ, ತುಸು ಭಾರದ ಕಾರ್ಬನ್) ಇರುವ ಕಾರ್ಬನ್ ಡೈಆಕ್ಸೈಡನ್ನು ಹಾಯಿಸಿ, ಉತ್ಪನ್ನದಲ್ಲಿ ಆ ಕಾರ್ಬನ್ನೇ ಇದೆಯೇ ನೋಡಿ. ಸಂಕೀರ್ಣವಿಲ್ಲದೆಯೂ ಒಮ್ಮೆ ನಡೆಸಿ. ಎರಡೂ ಫಲಿತಾಂಶ ಕೈಗೆ ಬಂದ ಮೇಲೆ ಮತ್ತೆ ಬರೆಯಿರಿ.