ಅವತಾರ್ ಆಗಿ ಹೋದ್ರೆ ಟೀಚರ್ ಟ್ರೈನಿಂಗ್ ಆಗುತ್ತಾ?

ಪ್ರಶ್ನೆ: ಮೇಡಂ ನಮಸ್ತೆ, ನಾನು ಮುಂಬೈಲಿ ಕನ್ನಡ ಮೀಡಿಯಂ ಶಾಲೆ ಟೀಚರ್, ಮನೆ ಡೊಂಬಿವಲಿ. ವರ್ಷಾ ವರ್ಷಾ ಟ್ರೈನಿಂಗ್ ಇರುತ್ತೆ, ಅವರು ಸ್ಲೈಡ್ ಓದ್ತಾರೆ, ನಾವು ಸೈನ್ ಹಾಕಿ ಲೋಕಲ್ ಹಿಡೀತೀವಿ. ಈಗ ನನ್ನ ಗೆಳತಿ, ಸೆಕೆಂಡ್ ಲೈಫ್ ಅಂತ ಕಂಪ್ಯೂಟರಲ್ಲಿ ಒಂದು ಆನ್‌ಲೈನ್ ಜಗತ್ತು ಇದೆ, ಅದ್ರಲ್ಲಿ ಬೇರೆ ಬೇರೆ ದೇಶದ ಟೀಚರ್‌ಗಳು ಅವತಾರ್ ರೂಪದಲ್ಲಿ, ಅಂದ್ರೆ ತಮ್ಮ ಬದಲು ಸ್ಕ್ರೀನ್ ಮೇಲೆ ಓಡಾಡೋ ಗೊಂಬೆಯಾಗಿ ಸೇರಿ ಕಲೀತಾರೆ ಬಾ ಅಂತಿದ್ದಾಳೆ. ಮನೇಲಿ ಅದು ಗೇಮ್ ಅಂತಾರೆ. ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೆ. ಹೋಗ್ಲಾ?

ಉತ್ತರ: ಖಂಡಿತ ಹೋಗಿ ಟೀಚರ್, ಗೆಳತಿ ಜೊತೆಗೇ ಹೋಗಿ, ಒಬ್ಬರೇ ಬೇಡ. ಅದು ಗೇಮ್ ಅಲ್ಲ, ಅಲ್ಲಿ ಪಾಯಿಂಟು ಲೆವೆಲ್ಲು ಏನೂ ಇಲ್ಲ, 2003ರಲ್ಲಿ ಲಿಂಡೆನ್ ಲ್ಯಾಬ್ ಅನ್ನೋ ಅಮೆರಿಕದ ಕಂಪನಿ ಶುರು ಮಾಡಿದ ಜಗತ್ತು, ಮನೆ ಬೀದಿ ಸಭಾಂಗಣ ಎಲ್ಲಾ ಅಲ್ಲಿಗೆ ಬರೋ ಜನರೇ ಕಟ್ಟಿದ್ದು. ಟೀಚರ್‌ಗಳ ಒಂದು ಸಮ್ಮೇಳನ 2007ರಲ್ಲಿ ಅದರೊಳಗೇ ಶುರುವಾಯ್ತು, ವರ್ಚುವಲ್ ವರ್ಲ್ಡ್ಸ್ ಬೆಸ್ಟ್ ಪ್ರಾಕ್ಟಿಸಸ್ ಇನ್ ಎಜುಕೇಶನ್ ಅಂತ ಹುಡುಕಿ.

ಈಗ ಮುಖ್ಯ ಮಾತು. ನಮ್ಮ ಟ್ರೈನಿಂಗಲ್ಲಿ ನಾವು ನಿಜವಾಗ್ಲೂ ಕಲಿಯೋದು ಯಾವಾಗ ಹೇಳಿ? ಚಹಾ ಬ್ರೇಕಲ್ಲಿ. ನಿಮ್ಮ ಕ್ಲಾಸಲ್ಲಿ ಭಾಗಾಕಾರ ಹೇಗೆ ಮಾಡಿಸ್ತೀರಿ, ಮನೇಲಿ ತುಳು ಮಾತಾಡೋ ಮಗುಗೆ ಒತ್ತಕ್ಷರ ಹೇಗೆ ಹೇಳಿಕೊಡ್ತೀರಿ ಅಂತ ಪಕ್ಕದ ಶಾಲೆಯವರನ್ನ ಕೇಳೋದು ಆಗ್ಲೇ. ಝೂಮ್ ಮೀಟಿಂಗಲ್ಲಿ ಅದಕ್ಕೆ ಜಾಗಾನೇ ಇಲ್ಲ, ಭಾಷಣ ಮುಗಿದ ತಕ್ಷಣ ಎಲ್ಲರೂ ಮಾಯ. ಸೆಕೆಂಡ್ ಲೈಫಲ್ಲಿ ಹಾಗಲ್ಲ, ನೀವು ಟೈಪ್ ಮಾಡಿದ ಮಾತು ಸುತ್ತ 20 ಮೀಟರ್‌ವರೆಗೆ ಮಾತ್ರ ಕಾಣುತ್ತೆ, ಹಾಗಾಗಿ ಭಾಷಣ ಮುಗಿದ ಮೇಲೆ ಇಬ್ಬರನ್ನ ಕರ್ಕೊಂಡು ಆ ಕಡೆ ನಡೆದು ಹೋಗಿ ಆರಾಮಾಗಿ ಮಾತಾಡಬಹುದು, ಆ ಚಹಾ ಬ್ರೇಕು ಅಲ್ಲಿ ಉಳ್ಕೊಂಡಿದೆ. ಇಂಗ್ಲಿಷಿನ ಭಯಾನೂ ಬೇಡ, ಟೈಪ್ ಮಾಡೋದಾದ್ರೆ ಯೋಚನೆ ಮಾಡೋಕೆ ಟೈಮ್ ಸಿಗುತ್ತೆ, ಸಭೇಲಿ ಬಾಯಿ ಬಿಡದ ಟೀಚರ್‌ಗಳು ಅಲ್ಲಿ ಚೆನ್ನಾಗಿ ಮಾತಾಡೋದನ್ನ ನಾನೇ ನೋಡಿದ್ದೀನಿ.

ಮೊದಲ ದಿನ ನಡೆಯೋಕೂ ಬರಲ್ಲ, ಗೋಡೆಗೆ ಹೋಗಿ ನಿಲ್ತೀರಿ, ಕೂರೋದು ಹೇಗೆ ಗೊತ್ತಾಗಲ್ಲ, ಯಾರೋ ಬಂದು ತಾಳ್ಮೆಯಿಂದ ತೋರಿಸ್ತಾರೆ. ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ಇದು ತುಂಬಾ ಬೇಕು ಅಂತ ನನಗೆ ಅನ್ಸುತ್ತೆ, ಒಂದನೇ ಕ್ಲಾಸಿನ ಮಗು ಪೆನ್ಸಿಲ್ ಹಿಡಿಯೋಕೆ ಯಾಕೆ ಅಷ್ಟು ಒದ್ದಾಡುತ್ತೆ ಅಂತ ಮಾರನೇ ದಿನವೇ ಅರ್ಥ ಆಗುತ್ತೆ.

ಇನ್ನು ಸಣ್ಣಪುಟ್ಟದ್ದು. ಬೇಸಿಕ್ ಅಕೌಂಟ್ ಫ್ರೀ, ಜಾಗ ಕೊಳ್ಳೋ ಅಗತ್ಯ ಇಲ್ಲ. ಹಳೇ ಲ್ಯಾಪ್‌ಟಾಪ್ ಆದ್ರೆ ಗ್ರಾಫಿಕ್ಸ್ ಕಮ್ಮಿ ಇಟ್ಕೊಳ್ಳಿ. ಸಭೆ ಅಮೆರಿಕದ ಪೂರ್ವ ಕರಾವಳಿಯ ರಾತ್ರಿ 8 ಗಂಟೆಗೆ ಇದ್ರೆ ನಮಗೆ ಅದು ಬೇಸಿಗೇಲಿ ಮಾರನೇ ಬೆಳಗ್ಗೆ 5.30, ಚಳಿಗಾಲದಲ್ಲಿ 6.30, ಲೋಕಲ್ ಹಿಡಿಯೋ ಮುಂಚೆ ಅರ್ಧ ಗಂಟೆ ಸಿಕ್ಕರೂ ಸಾಕು. 2020ರ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆ ಕಲಿಕೆ ಅನ್ನುತ್ತೆ, ಇದು ಅದ್ರಲ್ಲಿ ಸೇರುತ್ತಾ ಅಂತ ಹೆಡ್ಡನ್ನ ಮೊದಲೇ ಕೇಳಿ ಬರವಣಿಗೇಲಿ ತಗೊಳ್ಳಿ. ಕಲಿತದ್ದನ್ನ ಅವತ್ತೇ ನೋಟ್‌ಬುಕ್ಕಲ್ಲಿ ಬರೀರಿ, ಇಂಥ ಜಗತ್ತುಗಳು ಮುಚ್ಚಿ ಹೋಗ್ತವೆ, ಆಲ್ಟ್‌ಸ್ಪೇಸ್ 2023ರಲ್ಲಿ ಹೋಯ್ತು, ಮೊಝಿಲ್ಲಾ ಹಬ್ಸ್ 2024ರಲ್ಲಿ, ಅಲ್ಲಿ ಕಟ್ಟಿದವರ ಶ್ರಮ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ತಿಂಗಳಿಗೊಮ್ಮೆ ನಾಲ್ಕು ಕನ್ನಡ ಟೀಚರ್‌ಗಳು ಮಾಟುಂಗಾದಲ್ಲಿ ಎಲ್ಲಾದ್ರೂ ಸೇರಿ ಅಲ್ಲಿ ನೋಡಿದ್ದನ್ನ ಕನ್ನಡದಲ್ಲಿ ಮಾತಾಡ್ಕೊಳ್ಳಿ.

ಪ್ರಶ್ನೆ: ನಾನು ಪುಣೆಯ ಟೀಚರ್. ಐದನೇ ಕ್ಲಾಸಿನ ಮಕ್ಕಳನ್ನೂ ಅಲ್ಲಿಗೆ ಕರ್ಕೊಂಡು ಹೋಗಬಹುದಾ?

ಉತ್ತರ: ಬೇಡ. ಸೆಕೆಂಡ್ ಲೈಫ್ ಮುಖ್ಯವಾಗಿ ದೊಡ್ಡವರ ಜಾಗ, ಹದಿಹರೆಯದವರಿಗೆ ಅಂತ ಇದ್ದ ಬೇರೆ ವಿಭಾಗಾನೂ 2011ರಲ್ಲಿ ಮುಚ್ಚಿದ್ರು. ಮಕ್ಕಳಿಗೆ ಮೈನ್‌ಕ್ರಾಫ್ಟ್ ಎಜುಕೇಶನ್ ಸಾಕು, ಬ್ಲಾಕ್ ಜೋಡಿಸಿ ಕಟ್ಟೋ ಕಂಪ್ಯೂಟರ್ ಆಟದ ಶಾಲೆ ಆವೃತ್ತಿ ಅದು, ಅದ್ರಲ್ಲಿ ಒಂದು ಬ್ಲಾಕ್ ಅಂದ್ರೆ ಒಂದು ಮೀಟರ್. ಟೇಪ್ ಹಿಡ್ಕೊಂಡು ಮಕ್ಕಳನ್ನ ನಿಮ್ಮೂರಿನ ಪೇಶ್ವೆಗಳ ಕೋಟೆ ಶನಿವಾರವಾಡಾಕ್ಕೆ ಕರ್ಕೊಂಡು ಹೋಗಿ, ಅದರ ಹೆಬ್ಬಾಗಿಲು ದಿಲ್ಲಿ ದರವಾಜಾ ಅಳೆಸಿ, ವಾಪಸ್ ಬಂದು ಬ್ಲಾಕಲ್ಲಿ ಕಟ್ಟಿಸಿ. ಒಳಗಿನ ಅರಮನೆ 1828ರಲ್ಲಿ ಸುಟ್ಟು ಹೋಗಿದೆ, ಈಗ ಉಳಿದಿರೋದು ಗೋಡೆ, ಬಾಗಿಲು, ಪಾಯ ಅಷ್ಟೆ, ಅದರ ಮೇಲೆ ಏನಿತ್ತು ಅಂತ ಮಕ್ಕಳು ಜಗಳ ಆಡ್ತಾರೆ, ಆಡೋಕೆ ಬಿಡಿ.